ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಓದಲು ಫ್ರೆಂಚ್ ಬರಲೇಬೇಕಾ?

ಮಗಳಿಗೆ ಫ್ರೆಂಚ್ ಬರಲ್ಲ, ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಓದೋಕೆ ಕಷ್ಟ ಆಗುತ್ತಾ, ಕ್ಯಾಂಪಸ್ ಊರಿಂದ ದೂರವಾ ಅಂತ ಕೇಳಿದ್ದೀರಿ. ಎರಡಕ್ಕೂ ಚಿಂತೆ ಬೇಡ ಸರ್.

ಅಲ್ಲಿ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಪಾಠ ನಡೆಯುತ್ತದೆ. ಬಹಳಷ್ಟು ಕೋರ್ಸ್‌ಗಳನ್ನು ಪೂರ್ತಿ ಇಂಗ್ಲಿಷ್‌ನಲ್ಲೇ ಮುಗಿಸಬಹುದು. ಆದರೂ ಆಯ್ದುಕೊಂಡ ಕೋರ್ಸಿನ ನಿಯಮ ಒಮ್ಮೆ ನೋಡಿಬಿಡಿ. ನನಗೆ ಇಷ್ಟವಾದ ನಿಯಮ ಒಂದಿದೆ: ಪಾಠ ಯಾವ ಭಾಷೆಯಲ್ಲಿದ್ದರೂ, ಪರೀಕ್ಷೆಯನ್ನು ಸಾಮಾನ್ಯವಾಗಿ ಈ ಎರಡರಲ್ಲಿ ತಮಗೆ ಬೇಕಾದ ಭಾಷೆಯಲ್ಲಿ ಬರೆಯಬಹುದು. ಭಾಷೆ ಕಲಿಸುವ ತರಗತಿಗಳಿಗೆ ಮಾತ್ರ ಇದು ಅನ್ವಯಿಸಲ್ಲ, ಅದು ಸಹಜ ಅಲ್ವಾ!

ಇದು ಸುಮ್ನೆ ಬೋರ್ಡಿಗಷ್ಟೇ ಇರುವ ದ್ವಿಭಾಷೆ ಅಲ್ಲ. ಊರೇ ಹಾಗಿದೆ. ನದಿ ದಾಟಿದರೆ ಗಟಿನೋ, ಅದು ಕ್ವಿಬೆಕ್ ಪ್ರಾಂತ್ಯ, ಅಲ್ಲಿ ಫ್ರೆಂಚ್ ಜಾಸ್ತಿ. ಕ್ವಿಬೆಕ್‌ನ ಕಾನೂನು ಪದ್ಧತಿಯೂ ಬೇರೆ, ಹಾಗಾಗಿ ಈ ವಿಶ್ವವಿದ್ಯಾಲಯ ಎರಡೂ ಪದ್ಧತಿಯ ಕಾನೂನು ಕಲಿಸುತ್ತದೆ. 1848ರಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಕಾಲೇಜಾಗಿ ಶುರು ಮಾಡಿದಾಗ ಊರಿನ ಹೆಸರು ಬೈಟೌನ್. 1965ರಲ್ಲಿ ಸರ್ಕಾರದ ಅನುದಾನದ ಸಂಸ್ಥೆಯಾಯಿತು.

ಮುಖ್ಯ ಕ್ಯಾಂಪಸ್ ಊರ ನಡುವೆಯೇ, ಸ್ಯಾಂಡಿ ಹಿಲ್‌ನಲ್ಲಿ. ಪಕ್ಕದಲ್ಲೇ ರಿಡೋ ಕಾಲುವೆ. ಸಂಸತ್ತಿಗೆ ನಡೆದೇ ಹೋಗಬಹುದು. 2019ರಿಂದ ಕ್ಯಾಂಪಸ್ಸಿಗೇ ರೈಲು ನಿಲ್ದಾಣವೂ ಇದೆ.

ಒಂದು ಮಾತು. ಕೇಂದ್ರ ಸರ್ಕಾರದ ಕಚೇರಿಗಳು ಅಲ್ಲೇ ಇರುವುದರಿಂದ, ಎರಡೂ ಭಾಷೆ ಬಂದರೆ ಕೆಲಸ ಹುಡುಕುವಾಗ ಅನುಕೂಲ. ಕಡ್ಡಾಯ ಇಲ್ಲದಿದ್ದರೂ ಒಂದೆರಡು ಫ್ರೆಂಚ್ ತರಗತಿಗೆ ಸೇರಲು ಹೇಳಿ. ಚಳಿಗೆ ಒಳ್ಳೆ ಕೋಟನ್ನೂ ಕೊಡಿಸಿ!