ಯಾವ ಕ್ಲಬ್ ಮುಚ್ಚೋಣ, ನೀವೇ ಹೇಳಿ

ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಯ ಓದುಗ ಮಿತ್ರರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಏಳು ಹಾಳೆ, ಎರಡೂ ಮಗ್ಗುಲಿಗೆ. ಹೋದ ಸಂಚಿಕೆಯಲ್ಲಿ ಫುಟಿ (ಆಸ್ಟ್ರೇಲಿಯಾದವರ ಫುಟ್‌ಬಾಲ್) ಬಗ್ಗೆ ನಾವು ಹಾಕಿದ್ದೇ ಒಂದು ಪುಟ. ಅದೂ ಊರಿಂದ ಹೊಸದಾಗಿ ಬಂದವರಿಗೆ, ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲ್, ಆರು ಪಾಯಿಂಟ್, ಪಕ್ಕಕ್ಕೆ ಹೋದರೆ ಬಿಹೈಂಡ್, ಒಂದು ಪಾಯಿಂಟ್ ಅಂತ ಹೇಳಿಕೊಡುವ ಲೇಖನ. ಅದಕ್ಕೆ ಇಷ್ಟು ಸಿಟ್ಟು ಬರುತ್ತದೆ ಅಂತ ಗೊತ್ತಿರಲಿಲ್ಲ.

ಪತ್ರ ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ತಿರುಳು ಇಷ್ಟು: ಈ ಆಟದ ದೊಡ್ಡ ಲೀಗ್ ಆದ ಎಎಫ್‌ಎಲ್‌ನ 18 ಕ್ಲಬ್‌ಗಳಲ್ಲಿ ಒಂಬತ್ತು ಮೆಲ್ಬರ್ನ್ ನಗರದಲ್ಲೇ ಇವೆ. ಇದು ಜಾಸ್ತಿ, ನಾಲ್ಕನ್ನು ಮುಚ್ಚಿ ಇಲ್ಲವೇ ಒಂದಕ್ಕೊಂದು ಸೇರಿಸಿ. ಯಾರು ಯಾರ ಜೊತೆ ಎಷ್ಟು ಸಲ ಆಡಬೇಕು ಅನ್ನುವುದರಲ್ಲಿ ಮೋಸವಿದೆ. ಗ್ರ್ಯಾಂಡ್ ಫೈನಲ್ ಪ್ರತಿ ವರ್ಷ ಎಂಸಿಜಿಯಲ್ಲೇ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಆಗುವುದು ಬೇರೆ ರಾಜ್ಯದವರಿಗೆ ಅನ್ಯಾಯ. ತಂದೆ ಆಡಿದ ಕ್ಲಬ್ಬಿಗೇ ಮಗ ಅನ್ನುವ ನಿಯಮ ಡ್ರಾಫ್ಟನ್ನು, ಅಂದರೆ ಹೊಸ ಆಟಗಾರರನ್ನು ಕ್ಲಬ್‌ಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯನ್ನು, ಕೆಡಿಸಿದೆ. ಇದೆಲ್ಲ ನಡೆಸುವ ಕಮಿಷನ್‌ಗೆ ಯಾರ ಭಯವೂ ಇಲ್ಲ. ಕೊನೆಯಲ್ಲಿ, 'ಒಂದು ಕನ್ನಡ ಪತ್ರಿಕೆಗೆ ಇದನ್ನೆಲ್ಲ ಬರೆದು ಏನು ಪ್ರಯೋಜನವೋ' ಅಂತ ಒಂದು ನಿಟ್ಟುಸಿರು.

ನಿಟ್ಟುಸಿರು ಬೇಡ ಸ್ವಾಮಿ. ಈ ಆಟ ಹುಟ್ಟಿದ್ದೇ ಪತ್ರಿಕೆಗೆ ಬರೆದ ಒಂದು ಕಾಗದದಿಂದ. 1858ರ ಜುಲೈನಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 'ಬೆಲ್ಸ್ ಲೈಫ್ ಇನ್ ವಿಕ್ಟೋರಿಯಾ' ಪತ್ರಿಕೆಗೆ ಬರೆದ. ಕ್ರಿಕೆಟ್ ಮುಗಿದ ಮೇಲೆ ಆಟಗಾರರು ಚಳಿಗಾಲವೆಲ್ಲ ಜಡ ಹಿಡಿದು ಕೂರುವುದು ಬೇಡ, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಎಂದ. ಮರುವರ್ಷ ಮೇ ತಿಂಗಳಲ್ಲಿ ನಾಲ್ಕೈದು ಜನ ಕೂತು ಹತ್ತು ನಿಯಮ ಬರೆದರು. ಅವರಲ್ಲಿ ಇಬ್ಬರು ಪತ್ರಕರ್ತರು! ನಿಯಮಗಳ ಅರ್ಥದ ಬಗ್ಗೆ ಪ್ರತಿ ಶನಿವಾರ ಇಷ್ಟೊಂದು ಜಗಳ ಯಾಕೆ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನು ನಿಮ್ಮ ಮುಖ್ಯ ವಾದಕ್ಕೆ ಬರೋಣ. ಮುಚ್ಚಬೇಕಾದ ನಾಲ್ಕು ಕ್ಲಬ್ ಅಂತ ನಾರ್ತ್ ಮೆಲ್ಬರ್ನ್, ಸೇಂಟ್ ಕಿಲ್ಡಾ, ಡೀಮನ್ಸ್ (ಮೆಲ್ಬರ್ನ್ ಕ್ಲಬ್), ಹಾಥಾರ್ನ್ ಹೆಸರು ಕೊಟ್ಟಿದ್ದೀರಿ. ನೀವು ಬುಲ್‌ಡಾಗ್ಸ್ ಅಭಿಮಾನಿ ಅಂತ ಮೊದಲ ಸಾಲಿನಲ್ಲೇ ಇದೆ. ಬುಲ್‌ಡಾಗ್ಸ್ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ. ಅಲ್ವಾ?

1989ರಲ್ಲಿ ಲೀಗ್‌ನವರು ಇದೇ ಲೆಕ್ಕ ಹಾಕಿದಾಗ ಅವರ ಪಟ್ಟಿಯಲ್ಲಿದ್ದದ್ದು ನಿಮ್ಮ ಕ್ಲಬ್ಬೇ. ಆಗ ಅದರ ಹೆಸರು ಫುಟ್‌ಸ್ಕ್ರೇ. ಸಾಲ ಜಾಸ್ತಿ, ಪ್ರೇಕ್ಷಕರು ಕಡಿಮೆ. ಫಿಟ್ಜ್‌ರಾಯ್ ಎಂಬ ಇನ್ನೊಂದು ಕ್ಲಬ್ ಜೊತೆ ಸೇರಿಸಿ 'ಫಿಟ್ಜ್‌ರಾಯ್ ಬುಲ್‌ಡಾಗ್ಸ್' ಮಾಡುತ್ತೇವೆ ಅಂತ ಅಕ್ಟೋಬರ್‌ನಲ್ಲಿ ಘೋಷಣೆಯೂ ಆಯಿತು. ಒಬ್ಬ ಅಭಿಮಾನಿ ಮಹಿಳೆ ಕೋರ್ಟಿಗೆ ಹೋದರು. ಕೆಲವು ವಾರ ಸಮಯ ಸಿಕ್ಕಿತು. ಆ ವಾರಗಳಲ್ಲಿ ಪಶ್ಚಿಮದ ಬಡಾವಣೆಗಳ ಜನ ಡಬ್ಬಿ ಹಿಡಿದು ಬೀದಿಗಿಳಿದರು. ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ಚಂದಾ ಎತ್ತುತ್ತಾರಲ್ಲ, ಥೇಟ್ ಹಾಗೆ. ಕ್ಲಬ್ ಉಳಿಯಿತು.

ಆ ಡಬ್ಬಿಗಳಲ್ಲಿ ಒಂದನ್ನು ನಾನು ಕಣ್ಣಾರೆ ನೋಡಿದ್ದೇನೆ. 2016ರಲ್ಲಿ ನಾವಿದ್ದದ್ದು ಬಾರ್ಕ್ಲಿ ಸ್ಟ್ರೀಟ್ ಹತ್ತಿರ ಬಾಡಿಗೆ ಮನೆಯಲ್ಲಿ. ಪಕ್ಕದ ಮನೆಯ ಅಜ್ಜಿ ಮಾಲ್ಟಾದಿಂದ ಬಂದವರು. ಅವರ ಹಿತ್ತಲಿನ ತಂತಿಯ ಕೆಳಗೆ ಬಟ್ಟೆ ಕ್ಲಿಪ್ ತುಂಬಿದ ಒಂದು ಹಳೇ ಕಾಫಿ ಡಬ್ಬ ಇರುತ್ತಿತ್ತು. ಮುಚ್ಚಳದ ಮೇಲೆ ಚಾಕುವಿನಿಂದ ಕೊಯ್ದ ಒಂದು ಸೀಳು, ಅಂಚು ಸೊಟ್ಟ. ಇದೇನಜ್ಜಿ ಅಂದೆ. 'ಈ ಡಬ್ಬ ಹಿಡ್ಕೊಂಡು ಮೀನಿನ ಮಾರ್ಕೆಟ್ಟಲ್ಲಿ ನಿಂತಿದ್ದೆ' ಅಂದರು. ಒಬ್ಬ ಕಾರ್ಲ್‌ಟನ್ ಅಭಿಮಾನಿ ಬೈದುಕೊಂಡೇ ಎರಡು ಡಾಲರ್ ಹಾಕಿದ್ದನಂತೆ. ಅದನ್ನು ಹೇಳುವಾಗ ಈಗಲೂ ಅವರಿಗೆ ನಗು.

ಆ ವರ್ಷ ಬುಲ್‌ಡಾಗ್ಸ್ ಏಳನೇ ಸ್ಥಾನದಿಂದ ಫೈನಲ್ಸ್‌ಗೆ ಹೋಗಿ, ಸಿಡ್ನಿಯನ್ನು ಸೋಲಿಸಿ, 1954ರ ನಂತರ ಮೊದಲ ಸಲ ಫ್ಲ್ಯಾಗ್, ಅಂದರೆ ಚಾಂಪಿಯನ್ ಪಟ್ಟ, ಗೆದ್ದಿತು. 62 ವರ್ಷ! ಮೊಣಕಾಲು ಪೆಟ್ಟಾಗಿ ಹೊರಗೇ ಕೂತಿದ್ದ ಕ್ಯಾಪ್ಟನ್ ಬಾಬ್ ಮರ್ಫಿಯನ್ನು ವೇದಿಕೆಗೆ ಕರೆದು, ಕೋಚ್ ಲ್ಯೂಕ್ ಬೆವರಿಜ್ ತಮ್ಮ ಮೆಡಲನ್ನೇ ಅವರ ಕೊರಳಿಗೆ ಹಾಕಿದರು. ನೀವೂ ಅದನ್ನು ನೋಡಿ ಅತ್ತಿರುತ್ತೀರಿ. 1989ರ ಲೆಕ್ಕ ಗೆದ್ದಿದ್ದರೆ ಅಳೋಕೆ ಕ್ಲಬ್ಬೇ ಇರುತ್ತಿರಲಿಲ್ಲ.

ಸೇರಿಸುವುದು ಅಂದರೆ ಏನು ಅನ್ನುವುದನ್ನು ಫಿಟ್ಜ್‌ರಾಯ್ ಕಥೆಯಲ್ಲೇ ನೋಡಿ. 1897ರಲ್ಲಿ ಲೀಗ್ ಶುರು ಮಾಡಿದ ಎಂಟು ಕ್ಲಬ್‌ಗಳಲ್ಲಿ ಅದೂ ಒಂದು. ಎಂಟು ಸಲ ಚಾಂಪಿಯನ್. 1996ರ ಹೊತ್ತಿಗೆ ದಿವಾಳಿ. ನಾರ್ತ್ ಮೆಲ್ಬರ್ನ್ ಜೊತೆ ಸೇರುವ ಮಾತುಕತೆ ಬಹಳ ದೂರ ಹೋಗಿತ್ತು. ಹತ್ತಿರದ ಬಡಾವಣೆಗಳು, ಅಭಿಮಾನಿಗಳು ಟ್ರಾಮ್ ಹತ್ತಿ ಮ್ಯಾಚಿಗೆ ಹೋಗಬಹುದಿತ್ತು. ಅಡ್ಡ ಬಂದವರು ಯಾರು ಗೊತ್ತಾ? ಉಳಿದ ಕ್ಲಬ್‌ಗಳು. ನಾರ್ತ್ ಆಗಲೇ ಬಲವಾದ ತಂಡ, ಇದರ ಜೊತೆ ಫಿಟ್ಜ್‌ರಾಯ್ ಆಟಗಾರರೂ ಸೇರಿದರೆ ನಮ್ಮ ಗತಿ ಏನು ಅಂತ ಹೆದರಿ, 1,700 ಕಿಲೋಮೀಟರ್ ಆಚೆಗಿನ ಬ್ರಿಸ್ಬೇನ್ ಕ್ಲಬ್ಬಿಗೆ ಫಿಟ್ಜ್‌ರಾಯನ್ನು ಕಟ್ಟಿದರು. ಸುಮ್ನೆ ಹೆದರಿದ್ದಲ್ಲ. ಆ ವರ್ಷದ ಫ್ಲ್ಯಾಗ್ ನಾರ್ತ್‌ದೇ. ಫಿಟ್ಜ್‌ರಾಯ್‌ನ ಕೊನೆಯ ಪಂದ್ಯ ಸೆಪ್ಟೆಂಬರ್ 1ರಂದು ಪರ್ತ್‌ನಲ್ಲಿ ನಡೆಯಿತು. ತವರಿನಲ್ಲಿ ವಿದಾಯ ಹೇಳುವ ಭಾಗ್ಯವೂ ಸಿಗಲಿಲ್ಲ.

ಹಾಗಾಗಿ ನೀವು 'ಲೀಗ್ ಮುಚ್ಚಿಸಲಿ' ಅಂದಾಗ ನನಗೆ ಅನುಮಾನ. ಮುಚ್ಚುವಾಗ ಕ್ರೀಡೆಯ ಹಿತ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ. ಎದುರು ಕೂತವರು ತಮ್ಮ ತಮ್ಮ ಲಾಭ ನೋಡುತ್ತಾರೆ.

ಅದೇ ವರ್ಷ ಡೀಮನ್ಸ್ ಮತ್ತು ಹಾಥಾರ್ನ್ ಸೇರುವ ಪ್ರಸ್ತಾಪ ಮತಕ್ಕೆ ಬಂತು. ಡೀಮನ್ಸ್ ಸದಸ್ಯರು ಹೂಂ ಅಂದರು. ಹಾಥಾರ್ನ್ ಸಭೆಯಲ್ಲಿ ಹಳೇ ಕ್ಯಾಪ್ಟನ್ ಡಾನ್ ಸ್ಕಾಟ್ ಎದ್ದು ನಿಂತು, ಹೊಸ ಕ್ಲಬ್ಬಿಗೆ ಅಂತ ತೋರಿಸುತ್ತಿದ್ದ ಜರ್ಸಿಯನ್ನು ಎತ್ತಿ ಹಿಡಿದರು. ಅದರ ಮೇಲಿನ ಗಿಡುಗದ ಚಿತ್ರವನ್ನು ಪರ್ರನೆ ಕಿತ್ತರು. ವೆಲ್ಕ್ರೋದಲ್ಲಿ ಅಂಟಿಸಿದ್ದರಂತೆ. ಕೆಳಗೆ ಉಳಿದದ್ದು ಡೀಮನ್ಸ್ ಜರ್ಸಿ! ಸದಸ್ಯರು ಬೇಡ ಅಂದರು. ನೀವು ಮುಚ್ಚಿ ಅನ್ನುವ ಆ ಹಾಥಾರ್ನ್ ಆಮೇಲೆ 2008, 2013, 2014, 2015ರಲ್ಲಿ ನಾಲ್ಕು ಫ್ಲ್ಯಾಗ್ ಗೆದ್ದಿತು. 2007ರ ಕೊನೆಯಲ್ಲಿ ನಾರ್ತನ್ನು ಗೋಲ್ಡ್ ಕೋಸ್ಟ್‌ಗೆ ಸಾಗಿಸಲು ಲೀಗ್ ದುಡ್ಡಿನ ಆಸೆ ತೋರಿಸಿದಾಗಲೂ ಕ್ಲಬ್ ಒಲ್ಲೆ ಅಂದಿತು.

ಫಿಕ್ಸ್ಚರ್ ವಿಷಯದಲ್ಲಿ ನಿಮ್ಮ ಸಿಟ್ಟು ಅರ್ಧ ಸರಿ. 17 ಎದುರಾಳಿಗಳ ಜೊತೆ ಒಂದೊಂದು ಪಂದ್ಯ, ಆಮೇಲೆ ಆರು ತಂಡಗಳ ಜೊತೆ ಎರಡನೇ ಸಲ, ಒಟ್ಟು 23. ಆ ಆರು ಯಾರು ಅನ್ನುವುದನ್ನು ಲೀಗ್ ಆರಿಸುತ್ತದೆ. ಸಮನಾಗಿ ಆಡಿಸಬೇಕು ಅಂದರೆ ಒಂದೋ 17, ಇಲ್ಲವೇ 34. ಹದಿನೇಳಕ್ಕೆ ಟಿವಿಯವರು ಒಪ್ಪಲ್ಲ, ಮೂವತ್ತನಾಲ್ಕನ್ನು ಮೊಣಕಾಲು ತಡೆಯಲ್ಲ. ಮುಂದೆ 19ನೇ ಕ್ಲಬ್ಬಾಗಿ ಟಾಸ್ಮೇನಿಯಾ ಬಂದ ಮೇಲೆ ಲೆಕ್ಕ ಇನ್ನೂ ಸೊಟ್ಟ, ಪ್ರತಿ ವಾರ ಒಬ್ಬರಾದರೂ ಮನೆಯಲ್ಲಿ ಕೂರಬೇಕು. (ಹಾಗಂತ ಅವರು ಬೇಡ ಅನ್ನಬೇಡಿ. ಒಬ್ಬ ಆಟಗಾರನೂ ಇಲ್ಲದ ಕ್ಲಬ್ಬಿಗೆ 10 ಡಾಲರ್ ಕೊಟ್ಟು ಎರಡು ಲಕ್ಷಕ್ಕೂ ಹೆಚ್ಚು ಜನ ಸದಸ್ಯರಾದರು.)

ಶುಕ್ರವಾರ ರಾತ್ರಿಯ ಪಂದ್ಯ ಯಾವಾಗಲೂ ಕಾಲಿಂಗ್‌ವುಡ್‌ಗೆ ಕೊಡುತ್ತಾರೆ ಅಂತ ಮೂರು ಕಡೆ ಬರೆದಿದ್ದೀರಿ. ಒಂದು ಮಾತು ಕೇಳಿ. 2025ರಿಂದ 2031ರವರೆಗಿನ ಪ್ರಸಾರದ ಹಕ್ಕು ಹೋದದ್ದು 450 ಕೋಟಿ ಡಾಲರ್‌ಗೆ. ಟಿವಿಯವರು ಆ ದುಡ್ಡು ಕೊಡುವುದು ಕಾಲಿಂಗ್‌ವುಡ್‌ನಂಥವರು ಶುಕ್ರವಾರ ರಾತ್ರಿ ಆಡುತ್ತಾರೆ ಅಂತಲೇ. ಹಂಚುವಾಗ ಸಣ್ಣ ಕ್ಲಬ್‌ಗಳಿಗೆ ದೊಡ್ಡವರಿಗಿಂತ ಜಾಸ್ತಿ ಸಿಗುತ್ತದೆ, ಬುಲ್‌ಡಾಗ್ಸ್‌ಗೂ ಸೇರಿ. ಇದೊಂದು ಕೂಡು ಕುಟುಂಬ. ದೊಡ್ಡಣ್ಣನಿಗೆ ಕಿಟಕಿ ಇರುವ ಕೋಣೆ, ಅವನ ಸಂಬಳದಲ್ಲಿ ತಮ್ಮಂದಿರ ಫೀಸು. ಕೋಣೆ ಕಂಡು ಹೊಟ್ಟೆಕಿಚ್ಚು ಪಡುವ ಮೊದಲು ಫೀಸಿನ ರಸೀದಿಯನ್ನೂ ನೋಡಬೇಕು.

ಆದರೆ ಆನ್ಜಾಕ್ ಡೇ (ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ) ಪಂದ್ಯ ಪ್ರತಿ ವರ್ಷ ಅದೇ ಇಬ್ಬರಿಗೆ ಯಾಕೆ ಅನ್ನುವ ನಿಮ್ಮ ಮಾತಿಗೆ ನಾನು ಕೈ ಎತ್ತುತ್ತೇನೆ. 1995ರಲ್ಲಿ ಎಸೆಂಡನ್ ಮತ್ತು ಕಾಲಿಂಗ್‌ವುಡ್ ಆಡಿದ ಆ ಮೊದಲ ಪಂದ್ಯ 111-111ರಲ್ಲಿ ಸಮ ಆಯಿತು, ನೋಡಿದವರು 94,825 ಜನ. ಅವತ್ತಿಂದ ಆ ಮಧ್ಯಾಹ್ನ ಇಬ್ಬರಿಗೂ ಜಹಗೀರು. ಎಸೆಂಡನ್ 2004ರ ನಂತರ ಫೈನಲ್ಸ್‌ನಲ್ಲಿ ಒಂದೇ ಒಂದು ಪಂದ್ಯ ಗೆದ್ದಿಲ್ಲ, ಜಹಗೀರು ಮಾತ್ರ ಹೋಗಿಲ್ಲ. ಎಸೆಂಡನ್ ಅಭಿಮಾನಿಗಳು ನನಗೆ ಕಾಗದ ಬರೆಯಬಹುದು, ಆದರೆ ಏಳು ಹಾಳೆ ಬೇಡ.

ಎಂಸಿಜಿ ಒಪ್ಪಂದ 2059ರವರೆಗೆ ಇದೆ. ಇದು ಅನ್ಯಾಯವೇ, ವಾದ ಬೇಡ. ಕೋವಿಡ್ ಬಂದು 2020ರಲ್ಲಿ ಬ್ರಿಸ್ಬೇನ್‌ಗೆ, 2021ರಲ್ಲಿ ಪರ್ತ್‌ಗೆ ಹೋಗಿದ್ದು ಬಿಟ್ಟರೆ ಕದಲುವ ಮಾತೇ ಇಲ್ಲ. ಈ ಒಪ್ಪಂದದ ಜೊತೆಗೇ ರಾಜ್ಯ ಸರ್ಕಾರ ಡಾಕ್‌ಲ್ಯಾಂಡ್ಸ್ ಸ್ಟೇಡಿಯಂ ನವೀಕರಣಕ್ಕೆ ದುಡ್ಡು ಕೊಟ್ಟಿತು. ಆ ಸ್ಟೇಡಿಯಂ ಯಾರದು? 2016ರಿಂದ ಲೀಗ್‌ನದ್ದೇ. ತಂದೆ-ಮಗ ನಿಯಮದ ಬಗ್ಗೆ ನನ್ನದು ನಿಮಗೆ ವಿರುದ್ಧ ಅಭಿಪ್ರಾಯ. ಅಪ್ಪ ನೂರು ಪಂದ್ಯ ಆಡಿದ ಕ್ಲಬ್ಬಿಗೆ ಮಗ ಬರುವುದು ಈ ಆಟದಲ್ಲಿ ಉಳಿದಿರುವ ಕೆಲವೇ ಚಂದದ ವಿಷಯಗಳಲ್ಲಿ ಒಂದು. ಅದಕ್ಕಾಗಿ ಕ್ಲಬ್ ಡ್ರಾಫ್ಟಿನಲ್ಲಿ ತೆರುವ ಬೆಲೆ ಸ್ವಲ್ಪ ಜಾಸ್ತಿ ಮಾಡಲಿ, ನಿಯಮ ಇರಲಿ.

ಇನ್ನು ಕಮಿಷನ್. ಯಾರ ಭಯವೂ ಇಲ್ಲ ಅಂದಿರಿ. ಹಿಂದೆ ಕ್ಲಬ್ ಅಧ್ಯಕ್ಷರೇ ಕೂತು ಲೀಗ್ ನಡೆಸುತ್ತಿದ್ದರು. ಪ್ರತಿಯೊಬ್ಬನೂ ತನ್ನ ಕ್ಲಬ್ಬಿಗೆ ಓಟು. ಎಂಬತ್ತರ ದಶಕದಲ್ಲಿ ಹಲವು ಕ್ಲಬ್ ಮುಳುಗುವ ಹಂತಕ್ಕೆ ಬಂದವು. ಅದಕ್ಕೇ 1993ರಲ್ಲಿ ಕ್ಲಬ್‌ಗಳು ತಾವಾಗಿ ಅಧಿಕಾರ ಬಿಟ್ಟುಕೊಟ್ಟವು. ಇವತ್ತಿಗೂ ಕಮಿಷನರ್‌ಗಳನ್ನು ಆರಿಸುವವರು ಕ್ಲಬ್‌ಗಳೇ. ಕ್ಲಬ್‌ನ ಆಡಳಿತ ಮಂಡಳಿಯನ್ನು, ಬುಲ್‌ಡಾಗ್ಸ್‌ನಂಥ ಕಡೆ, ಆರಿಸುವವರು ಸದಸ್ಯರು. ಅಂದರೆ ನೀವು. ಎಲ್ಲ ಕಾರ್ಡಿಗೂ ಓಟು ಇರುವುದಿಲ್ಲ, ನಿಮ್ಮದಕ್ಕೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇದ್ದರೆ ವಾರ್ಷಿಕ ಸಭೆಗೆ ಹೋಗಿ, ಎದ್ದು ನಿಂತು, ಆನ್ಜಾಕ್ ಡೇ ಸರದಿಯಂತೆ ಹಂಚಬೇಕು ಅಂತ ಲೀಗ್ ಮುಂದೆ ಕೇಳುತ್ತೀರಾ ಅಂತ ಅಧ್ಯಕ್ಷರನ್ನು ಕೇಳಿ. ಏಳು ಹಾಳೆಯಲ್ಲಿ ಆ ಅರ್ಧ ಹಾಳೆ ಸಾಕು.

ನೀವು ಬರೆಯದೆ ಬಿಟ್ಟ ಒಂದು ವಿಷಯ ಇದೆ. 2023ರಲ್ಲಿ ಅಡಿಲೇಡ್‌ನ ಬೆನ್ ಕೀಸ್ ಒದ್ದ ಗೋಲ್ ಕಂಬಕ್ಕೆ ತಾಗಿತು, ಗೋಲ್ ಅಲ್ಲ ಅಂತ ಅಂಪೈರ್ ತಪ್ಪಾಗಿ ಹೇಳಿ, ತಂಡ ಒಂದು ಪಾಯಿಂಟಿನಿಂದ ಸೋತಿತು. ಮರುದಿನವೇ ಲೀಗ್ ಮುಖ್ಯಸ್ಥರು ತಪ್ಪಾಯಿತು ಅಂದರು. ಸಿಡ್ನಿಯ ಆಡಮ್ ಗೂಡ್ಸ್ ಆದಿವಾಸಿ ಸಮುದಾಯದವರು, ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಮೆಡಲನ್ನು ಎರಡು ಸಲ ಗೆದ್ದವರು. ಅವರು ಚೆಂಡು ಮುಟ್ಟಿದಾಗೆಲ್ಲ ಪ್ರೇಕ್ಷಕರು ಕೂಗಿ ಅವಮಾನಿಸಿದರು. ತಿಂಗಳುಗಟ್ಟಲೆ. 2015ರಲ್ಲಿ ಅವರು ಆಟ ಬಿಟ್ಟರು. ಅವರಿಗೆ ಲೀಗ್ ಮತ್ತು ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. ಕಂಬಕ್ಕೆ ಒಂದು ದಿನ, ಮನುಷ್ಯನಿಗೆ ನಾಲ್ಕು ವರ್ಷ. ಲೀಗ್ ಆಡಳಿತದ ಮೇಲೆ ನನಗಿರುವ ದೊಡ್ಡ ತಕರಾರು ಇದು. ನಮ್ಮ ಮಕ್ಕಳೂ ಅದೇ ಸ್ಟ್ಯಾಂಡಿನಲ್ಲಿ ಕೂರುತ್ತಾರೆ.

ಕೊನೆಗೆ ನಿಮ್ಮ ಪಿ.ಎಸ್. ಒಂಬತ್ತು ವರ್ಷದ ಮಗಳು ಬುಲ್‌ಡಾಗ್ಸ್ ಬಿಟ್ಟು ಬ್ರಿಸ್ಬೇನ್ ಲಯನ್ಸ್ ಕಡೆ ಹೋಗಿದ್ದಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ. 2024, 2025 ಎರಡೂ ವರ್ಷ ಫ್ಲ್ಯಾಗ್ ಗೆದ್ದ ತಂಡ. ಎರಡೂ ಫೈನಲ್‌ನಲ್ಲಿ ಅತ್ಯುತ್ತಮ ಆಟಗಾರನಾದ ವಿಲ್ ಆಶ್‌ಕ್ರಾಫ್ಟ್, ನಿಮಗೆ ಆಗದ ಆ ತಂದೆ-ಮಗ ನಿಯಮದಲ್ಲೇ ಬಂದವನು. ಮಗು ಇನ್ನೆಲ್ಲಿಗೆ ಹೋಗಬೇಕು ಹೇಳಿ! ಬೈಯಬೇಡಿ. ಮುಂದಿನ ಸಲ ಟಿವಿಯಲ್ಲಿ ಲಯನ್ಸ್ ಆಡುವಾಗ ಅವಳ ಪಕ್ಕ ಕೂತುಕೊಳ್ಳಿ. ಆಟಗಾರ ಬೆನ್ನು ತಿರುಗಿಸಿದಾಗ ಕಾಲರ್ ಕೆಳಗೆ ನೋಡೋಕೆ ಹೇಳಿ. ಸಣ್ಣದಾಗಿ ಕೆಲವು ಅಕ್ಷರ ಇರುತ್ತವೆ, ಅವುಗಳಲ್ಲಿ ಎಫ್, ಎಫ್, ಸಿ. ಫಿಟ್ಜ್‌ರಾಯ್ ಫುಟ್‌ಬಾಲ್ ಕ್ಲಬ್. ಅದೇನಪ್ಪಾ ಅಂತ ಅವಳು ಕೇಳಿಯೇ ಕೇಳುತ್ತಾಳೆ.

- ಸಂ.