ತಾಯಿಯ ಮಾತು ಹೇಡಿತನವಲ್ಲ

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ದಾಯಾದಿಗಳು ರಾತ್ರೋರಾತ್ರಿ ಬಾಂದುಕಲ್ಲು ಕಿತ್ತು ನಮ್ಮ ಮಾವಿನ ತೋಟದೊಳಕ್ಕೆ ನೆಟ್ಟಿದ್ದಾರೆ. ಅವರ ಮರಗಳಿಗೆ ಕೊಡಲಿ ಹಾಕೋಣವೆಂದರೆ, “ದೇವರಿದ್ದಾನೆ, ನೋಡಿಕೊಳ್ಳುತ್ತಾನೆ” ಎಂದು ಅಮ್ಮ ತಡೆಯುತ್ತಾರೆ. ಇದು ಕೈಲಾಗದವರ ಮಾತಲ್ಲವೇ?’

ಅಲ್ಲ. ನಿಮ್ಮ ಸಂಕಟ ನ್ಯಾಯವಾದದ್ದೇ. ಜಮೀನಿನ ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿ, ಬೇಕಾದರೆ ಸಿವಿಲ್ ನ್ಯಾಯಾಲಯಕ್ಕೂ ಹೋಗಿ. ದೇವರನ್ನು ನಂಬಿದವನು ಪಹಣಿ ಹಿಡಿದು ಕಚೇರಿಗೆ ಹೋಗಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೆ ಕೊಡಲಿಯ ಮಾತು ಬಂದಾಗ ನಾನು ನಿಮ್ಮ ತಾಯಿಯ ಪಕ್ಷ.

ನಿಮ್ಮ ನೆರೆಯ ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರವೆಂದು ನಮ್ಮ ಸೀಮೆಯವರ ನಂಬಿಕೆ. ಅರಗಿನ ಮನೆಯಿಂದ ಜೀವ ಉಳಿಸಿಕೊಂಡು ಬಂದ ಪಾಂಡವರು ಭಿಕ್ಷೆಯೆತ್ತಿ ಉಂಡ ಊರದು. ಹಲ್ಲು ಮಸೆಯುತ್ತ ಕೂರಲು ಭೀಮನಿಗಿಂತ ದೊಡ್ಡ ಕಾರಣ ಯಾರಿಗಿತ್ತು? ಆದರೂ ಅಲ್ಲಿ ಅವನು ತೋಳೇರಿಸಿದ್ದು ಆಶ್ರಯ ಕೊಟ್ಟ ಮನೆಯವರನ್ನು ಬಕಾಸುರನ ಬಾಯಿಂದ ಉಳಿಸುವುದಕ್ಕೆ, ತನ್ನ ಹಗೆ ತೀರಿಸಿಕೊಳ್ಳುವುದಕ್ಕಲ್ಲ. ಮುಂದೆ ಕುರುಕ್ಷೇತ್ರ ನಡೆಯಲಿಲ್ಲವೇ ಎನ್ನುತ್ತೀರಿ. ನಡೆಯಿತು, ಐದು ಊರು ಕೊಟ್ಟರೂ ಸಾಕೆಂದು ಸಂಧಾನಕ್ಕೆ ಹೋದ ಕೃಷ್ಣ ಬರಿಗೈಯಲ್ಲಿ ಮರಳಿದ ಮೇಲೆ. ಕೊನೆಗೆ, ಮಲಗಿದ್ದ ಮಕ್ಕಳನ್ನು ಕೊಂದು ತಂದೆಯ ಸೇಡು ತೀರಿಸಿಕೊಂಡ ಅಶ್ವತ್ಥಾಮನನ್ನು ಕಟ್ಟಿ ತಂದು ಎದುರಿಗೆ ನಿಲ್ಲಿಸಿದಾಗ, ಭಾಗವತದ ದ್ರೌಪದಿ, ನನ್ನಂತೆ ಇವನ ತಾಯಿಯೂ ಅಳುವುದು ಬೇಡವೆಂದು ಅವನನ್ನು ಬಿಡಿಸುತ್ತಾಳೆ. ಐದು ಮಕ್ಕಳನ್ನು ಕಳೆದುಕೊಂಡ ಆ ಹೆಣ್ಣನ್ನು ಕೈಲಾಗದವಳೆನ್ನುವ ಧೈರ್ಯ ನನಗಂತೂ ಇಲ್ಲ, ನಿಮಗಿದೆಯೇ?

ನನಗೆ ಗೊತ್ತಿರುವ ರೈತರೊಬ್ಬರು ಇಂಥದೇ ಬದುವಿನ ಜಗಳದಲ್ಲಿ ರೋಸಿಹೋಗಿ ಎದುರಾಳಿಯ ಹನಿ ನೀರಾವರಿ ಪೈಪುಗಳನ್ನು ಕತ್ತರಿಸಿದರು. ಅಲ್ಲಿಯವರೆಗೆ ದೂರುದಾರರಾಗಿದ್ದವರು ಮರುದಿನವೇ ಆರೋಪಿಯಾದರು. ಬದು ಒತ್ತಿದವನು ಕತ್ತರಿಸಿದ ಪೈಪಿನ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಠಾಣೆಯ ಬೆಂಚಿನ ಮೇಲೆ ಸಾಧುವಿನಂತೆ ಕುಳಿತಿದ್ದ.

ನಿಮ್ಮೊಬ್ಬರನ್ನೇ ದೂರುವಂತಿಲ್ಲ. ಸಂಜೆಯಾದರೆ ಧಾರಾವಾಹಿಗಳಲ್ಲಿ ಅತ್ತೆಗೆ ಸೊಸೆಯ ಮೇಲೆ ಸೇಡು, ಸೊಸೆಗೆ ನಾದಿನಿಯ ಮೇಲೆ ಸೇಡು; ಚಿತ್ರಮಂದಿರದಲ್ಲಿ ನಾಯಕ ಮಚ್ಚೆತ್ತಿದರೆ ಶಿಳ್ಳೆ. ದೇವಸ್ಥಾನವೂ ಇದರಿಂದ ಪಾರಾಗಿಲ್ಲ. ‘ಅವನ ಕೈಕಾಲು ಬಿದ್ದುಹೋಗಲಿ’ ಎಂದು ಹರಕೆ ಹೊತ್ತು ಹುಂಡಿಗೆ ನೋಟು ಹಾಕುವವರು ದೇವರನ್ನು ನಂಬಿದವರಲ್ಲ, ದೇವರಿಗೇ ಸುಪಾರಿ ಕೊಟ್ಟವರು. ನಿಮ್ಮ ತಾಯಿ ಹೇಳಿದ್ದು ಅದನ್ನಲ್ಲ. ತೀರ್ಪು ಯಾವಾಗ, ಹೇಗೆ ಎಂಬುದನ್ನು ಅವರು ಅವನಿಗೇ ಬಿಟ್ಟಿದ್ದಾರೆ. ಹಿಂದೆ ಇಂಥ ಮಾತನ್ನು ಎರಡೂ ಕಡೆಯವರನ್ನು ಅರಳಿಕಟ್ಟೆಯ ಮೇಲೆ ಕೂರಿಸಿ ಹೇಳುವ ಹಿರಿಯರು ಊರಿಗೆ ಒಬ್ಬಿಬ್ಬರಾದರೂ ಇರುತ್ತಿದ್ದರು. ಈಗ ಅವರೂ ಒಂದೊಂದು ಪಕ್ಷದ ಬಾವುಟ ಹಿಡಿದಿರುವುದರಿಂದ, ಬಾಂದುಕಲ್ಲಿನ ಜಗಳಕ್ಕೂ ಚುನಾವಣೆಯ ಬಣ್ಣ ಬರುತ್ತದೆ.