ಹಲ್ಲು ಸರಿಯಿದ್ದರೂ ದವಡೆ ನೋವೇಕೆ?

ನಿಮ್ಮ ರಾತ್ರಿ ತಂಗುದಾಣಕ್ಕೆ ಬಂದಿರುವ, ಬಹುಕಾಲ ಫುಟ್‌ಪಾತಿನಲ್ಲಿ ಮಲಗಿದ್ದವರಿಗೆ ಹುಳುಕು ಹಲ್ಲಿಲ್ಲದಿದ್ದರೂ ಬೆಳಿಗ್ಗೆ ದವಡೆ ನೋಯುವುದಕ್ಕೂ ಮನಸ್ಸಿಗೂ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ಇರಬಹುದು. ಯಾರು ಹೊಡೆದೆಬ್ಬಿಸುತ್ತಾರೋ, ಚೀಲವನ್ನು ಯಾರು ಒಯ್ಯುತ್ತಾರೋ ಎಂಬ ಭಯದಲ್ಲೇ ಅರೆನಿದ್ದೆಯಲ್ಲಿ ವರ್ಷಗಳನ್ನು ಕಳೆದವರು ತಮಗರಿವಿಲ್ಲದಂತೆ ಹಲ್ಲು ಬಿಗಿಹಿಡಿಯುತ್ತಾರೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಇದರಿಂದ ಕಿವಿಯ ಮುಂದಿರುವ ದವಡೆಯ ಕೀಲೂ ಸುತ್ತಲಿನ ಸ್ನಾಯುಗಳೂ ದಣಿದು ನೋಯುತ್ತವೆ, ಆ ನೋವು ಉಳಿದ ನಿದ್ದೆಯನ್ನೂ ಕೆಡಿಸುತ್ತದೆ, ನಿದ್ದೆಗೆಟ್ಟ ಮನಸ್ಸು ಮತ್ತಷ್ಟು ಕುಗ್ಗುತ್ತದೆ.

ಆದರೆ ಪರೀಕ್ಷೆಯಿಲ್ಲದೆ ಎಲ್ಲವನ್ನೂ ಮನಸ್ಸಿಗೆ ಹೊರಿಸುವುದು ಅವರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಗುಟ್ಕಾ, ಅಡಿಕೆ ಜಗಿಯುವವರಿಗೆ ಬಾಯಿಯ ಒಳಚರ್ಮ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗಬಹುದು. ಹ್ಯಾಲೊಪೆರಿಡಾಲ್‌ನಂತಹ ಮನೋರೋಗದ ಔಷಧಿಯಿಂದಲೂ ದವಡೆ ಸೆಟೆದುಕೊಳ್ಳಬಹುದು, ಆಗ ತಕ್ಷಣವೇ ವೈದ್ಯರಿಗೆ ತೋರಿಸಬೇಕು. ಎದೆ ಬಿಗಿತ, ಬೆವರಿನೊಂದಿಗೆ ದವಡೆ ನೋವು ಬಂದರೆ ಹೃದಯಾಘಾತದ ಸಾಧ್ಯತೆಯಿರುವುದರಿಂದ ಕೂಡಲೇ 108ಕ್ಕೆ ಕರೆ ಮಾಡಿ.

ಈಗ ಮೊದಲು ಸರ್ಕಾರಿ ದಂತ ವೈದ್ಯರಿಗೆ ತೋರಿಸಿ, ಮೆತ್ತಗಿನ ಅನ್ನ ಕೊಡಿ, ದವಡೆಗೆ ಬಿಸಿ ಬಟ್ಟೆಯ ಶಾಖ ಕೊಡಿಸಿ. ಮನಸ್ಸಿನ ಚಿಕಿತ್ಸೆಯೂ ಬೇಕೆನಿಸಿದರೆ ಬಿಪಿಎಲ್ ಕಾರ್ಡ್ ಇಲ್ಲವೆಂದು ಹಿಂಜರಿಯಬೇಡಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಕಲಮಿನ ಪ್ರಕಾರ, ಸರ್ಕಾರ ನಡೆಸುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಮನೆಯಿಲ್ಲದವರಿಗೆ ಚಿಕಿತ್ಸೆ ಉಚಿತ. ಅವರು ಒಪ್ಪಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ನಿಮ್ಮ ಫೋನಿನಿಂದಲೇ ಮಾತನಾಡಿಸಬಹುದು.